ಇಬ್ಬರು ಪಾಯಿಂಟ್ ಗಾರ್ಡ್‌ಗಳು: ಯಾರ ಹಿರಿಮೆ ಹೆಚ್ಚು?

ಹೆಣ್ಣುಮಕ್ಕಳು ಪಂದ್ಯವಾಡಿ ಮನೆಗೆ ಬಂದಾಗ ಹೆತ್ತವರು ಕೇಳುವ ಪ್ರಶ್ನೆಯು ಸಾಮಾನ್ಯವಾಗಿ ಒಂದೇ: "ಗೆದ್ದಿರೋ, ಸೋತಿರೋ?" ಪ್ರಶ್ನೆಯು ಸಹಜವಾದುದು, ಅದನ್ನು ಕೇಳಬಾರದೆಂದು ನಾವು ಹೇಳುವುದಿಲ್ಲ. ಆದರೆ ಆ ಒಂದೇ ಪ್ರಶ್ನೆಯಿಂದ ಆಟಗಾರ್ತಿಯ ಯೋಗ್ಯತೆಯನ್ನು ಅಳೆಯಹೊರಟರೆ ಎಂಥ ಅನ್ಯಾಯವಾಗಬಹುದೆಂಬುದಕ್ಕೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಇಬ್ಬರು ಬಾಸ್ಕೆಟ್‌ಬಾಲ್ ಆಟಗಾರ್ತಿಯರ ಚರಿತ್ರೆಯು ಒಳ್ಳೆಯ ನಿದರ್ಶನವಾಗಿದೆ. ಒಬ್ಬರು, ವರ್ಜೀನಿಯಾ ವಿಶ್ವವಿದ್ಯಾಲಯದ ಪರವಾಗಿ ೧೯೮೮ರಿಂದ ೧೯೯೨ರವರೆಗೆ ಆಡಿದ ಡಾನ್ ಸ್ಟೇಲಿಯವರು. ಇನ್ನೊಬ್ಬರು, ಕನೆಕ್ಟಿಕಟ್ ವಿಶ್ವವಿದ್ಯಾಲಯದ ಪರವಾಗಿ ೧೯೯೮ರಿಂದ ೨೦೦೨ರವರೆಗೆ ಆಡಿದ ಸೂ ಬರ್ಡ್ ಅವರು. ಇಬ್ಬರೂ ಪಾಯಿಂಟ್ ಗಾರ್ಡ್ ಎಂಬ ಸ್ಥಾನದಲ್ಲಿ ಆಡಿ ಹೆಸರು ಪಡೆದವರು. ಬರ್ಡ್ ಅವರ ಕಾಲೇಜು ತಂಡಕ್ಕೆ ರಾಷ್ಟ್ರದ ಚಾಂಪಿಯನ್ ಪದವಿಯು ಎರಡು ಬಾರಿ ದೊರೆಯಿತು; ಸ್ಟೇಲಿಯವರ ತಂಡಕ್ಕೆ ಒಮ್ಮೆಯೂ ದೊರೆಯಲಿಲ್ಲ. ಎರಡು ಎಲ್ಲಿ, ಸೊನ್ನೆ ಎಲ್ಲಿ, ಇನ್ನು ತುಲನೆಯ ಮಾತೇಕೆ ಎಂದು ಲೆಕ್ಕದ ಪುಸ್ತಕವನ್ನು ಮುಚ್ಚಿಬಿಡುವವರು ಅನೇಕರುಂಟು. ಅಂಥವರೊಡನೆ ನಮಗೆ ಸ್ವಲ್ಪ ತಕರಾರಿದೆ.

ಈ ಸ್ಥಾನದ ಕೆಲಸವೇನೆಂಬುದನ್ನು, ಆಟ ಬಿಟ್ಟು ಬಹುಕಾಲವಾದ ಪೂರ್ವವಿದ್ಯಾರ್ಥಿನಿಯರಿಗಾಗಿಯೂ ಎಂದೂ ಆಡದಿರುವ ಹೆತ್ತವರಿಗಾಗಿಯೂ ಮೊದಲು ತುಸು ತಿಳಿಸಬೇಕು. ಅಂಗಣದಲ್ಲಿ ಒಂದು ಪಕ್ಷಕ್ಕೆ ಐವರು. ಎತ್ತರವಾದವರು ಬುಟ್ಟಿಯ ಸಮೀಪದಲ್ಲಿ ನಿಲ್ಲುವರು. ಗುರಿ ಬಲ್ಲವರು ದೂರದಿಂದ ಎಸೆಯುವರು. ಪಾಯಿಂಟ್ ಗಾರ್ಡ್ ಎನಿಸಿಕೊಂಡವಳು ಸಾಮಾನ್ಯವಾಗಿ ಎಲ್ಲರಿಗಿಂತ ಗಿಡ್ಡಳು. ಚೆಂಡನ್ನು ನೆಲಕ್ಕೆ ಪುಟಿಸುತ್ತ ತನ್ನ ಕಡೆಯಿಂದ ಎದುರಾಳಿಗಳ ಕಡೆಗೆ ತರುವುದು, ಯಾರು ಎಲ್ಲಿ ಬಿಡುವಾಗಿದ್ದಾರೆಂದು ಒಂದೇ ನೋಟದಲ್ಲಿ ಕಾಣುವುದು, ಸರಿಯಾದ ಗಳಿಗೆಯಲ್ಲಿ ಸರಿಯಾದವಳ ಕೈಗೆ ಚೆಂಡನ್ನು ಮುಟ್ಟಿಸುವುದು, ಇವು ಅವಳ ಪಾಲಿನ ಕೆಲಸಗಳು. ಮದುವೆಯ ಮನೆಯಲ್ಲಿ ಪಂಕ್ತಿಯ ಮೇಲೆ ಕಣ್ಣಿಟ್ಟು, ಯಾರ ಎಲೆಯಲ್ಲಿ ಏನು ಮುಗಿದಿದೆಯೆಂಬುದನ್ನು ಕೇಳದೆಯೇ ತಿಳಿದು ಬಡಿಸುತ್ತ ಹೋಗುವ ಹೆಂಗಸನ್ನು ನಾವೆಲ್ಲರೂ ಕಂಡಿದ್ದೇವೆ. ಊಟವು ಸೊಗಸಾಗಿತ್ತೆಂದು ಜನರು ಅಡಿಗೆಯವರನ್ನು ಹೊಗಳುವರು. ಬಡಿಸಿದವಳನ್ನು ನೆನೆಯುವವರು ಕಡಿಮೆ. ಪಾಯಿಂಟ್ ಗಾರ್ಡಿನ ಪಾಡು ಬಹುಮಟ್ಟಿಗೆ ಇದೇ. ಅವಳು ಕೊಟ್ಟ ಚೆಂಡನ್ನು ಇನ್ನೊಬ್ಬಳು ಬುಟ್ಟಿಗೆ ಹಾಕಿದರೆ ಅಂಕವು ಹಾಕಿದವಳ ಹೆಸರಿಗೆ ಹೋಗುತ್ತದೆ. ಕೊಟ್ಟವಳ ಹೆಸರಿನ ಮುಂದೆ 'ಅಸಿಸ್ಟ್' ಎಂಬ ಅಂಕಣದಲ್ಲಿ ಒಂದು ಗೀಟು ಬೀಳುತ್ತದೆ, ಅಷ್ಟೇ.

ಹೆಂಗಸರ ಆಟದಲ್ಲಿ ಈ ಸ್ಥಾನವು ಬಹಳ ಹಳೆಯದಲ್ಲವೆಂಬುದನ್ನೂ ವಾಚಕರು ಗಮನಿಸಬೇಕು. ೧೮೯೧ನೆಯ ಇಸವಿಯ ಡಿಸೆಂಬರಿನಲ್ಲಿ ಮಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ, ಕ್ರೈಸ್ತ ಯುವಕ ಸಂಘದ ತರಬೇತು ಶಾಲೆಯ ಉಪಾಧ್ಯಾಯರಾದ ಜೇಮ್ಸ್ ನೈಸ್ಮಿತ್ ಅವರು ಬಾಸ್ಕೆಟ್‌ಬಾಲನ್ನು ಕಲ್ಪಿಸಿದರು. ಮರುವರ್ಷವೇ ಅಲ್ಲಿಗೆ ಸಮೀಪದ ಸ್ಮಿತ್ ಕಾಲೇಜಿನ ವ್ಯಾಯಾಮೋಪಾಧ್ಯಾಯಿನಿ ಸೆಂಡಾ ಬೆರೆನ್ಸನ್ ಅವರು ಅದನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. ಆದರೆ ಹೆಣ್ಣುಮಕ್ಕಳು ಹೆಚ್ಚು ಓಡಬಾರದು, ನೂಕಾಡಬಾರದು ಎಂಬ ಅಂದಿನ ಭಾವನೆಗೆ ಅನುಸಾರವಾಗಿ ಅವರು ಅಂಗಣವನ್ನು ಮೂರು ಭಾಗಗಳಾಗಿ ವಿಭಾಗಿಸಿ, ಒಂದು ಭಾಗದವಳು ಇನ್ನೊಂದಕ್ಕೆ ಕಾಲಿಡಕೂಡದೆಂದು ಗೆರೆ ಎಳೆದರು; ಒಬ್ಬಳ ಕೈಯಲ್ಲಿರುವ ಚೆಂಡನ್ನು ಇನ್ನೊಬ್ಬಳು ಕಸಿದುಕೊಳ್ಳುವುದನ್ನೂ ನಿಷೇಧಿಸಿದರು. ಒಂದು ತುದಿಯಿಂದ ಇನ್ನೊಂದು ತುದಿಗೆ ಚೆಂಡನ್ನು ತರುವ ಆಟಗಾರ್ತಿಗೆ ಅಲ್ಲಿ ಎಡೆಯೇ ಇರಲಿಲ್ಲ. ಗೆರೆಗಳ ಸಂಖ್ಯೆಯು ಕಾಲಾನುಕ್ರಮದಲ್ಲಿ ಬದಲಾದರೂ, ಐವರೂ ಇಡೀ ಅಂಗಣದಲ್ಲಿ ಓಡಾಡುವ ಆಟವು ಅಮೆರಿಕದ ಕಾಲೇಜು ಕನ್ಯೆಯರಿಗೆ ದೊರೆತದ್ದು ೧೯೭೧ರಲ್ಲಿ. ಅದರ ಮರುವರ್ಷ, ಸರಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಕೂಡದೆಂಬ ಕಾನೂನು ಬಂದಿತು. ವಿಶ್ವವಿದ್ಯಾಲಯಗಳ ಮಹಾಸಂಘವು ಹೆಂಗಸರಿಗಾಗಿ ರಾಷ್ಟ್ರೀಯ ಪಂದ್ಯಾವಳಿಯನ್ನು ೧೯೮೨ರಲ್ಲಿ ಆರಂಭಿಸಿತು. ಸ್ಟೇಲಿಯವರು ಕಾಲೇಜು ಸೇರುವಾಗ ಆ ಪಂದ್ಯಾವಳಿಗೆ ಏಳು ವರ್ಷ ತುಂಬಿರಲಿಲ್ಲವೆಂಬುದನ್ನು ನೆನಪಿನಲ್ಲಿಟ್ಟು ಮುಂದಿನದನ್ನು ಓದಬೇಕು.

ಸ್ಟೇಲಿಯವರು ೧೯೭೦ರಲ್ಲಿ ಫಿಲಡೆಲ್ಫಿಯಾ ಪಟ್ಟಣದಲ್ಲಿ ಜನಿಸಿದರು. ಆ ಪಟ್ಟಣದ ಉತ್ತರಭಾಗದಲ್ಲಿ ಬಡಕುಟುಂಬಗಳಿಗಾಗಿ ಸರಕಾರದವರು ಕಟ್ಟಿಸಿದ ವಸತಿಗೃಹಗಳಲ್ಲಿ ಬೆಳೆದರು. ಐವರು ಮಕ್ಕಳಲ್ಲಿ ಕಿರಿಯವರು. ಬಡಾವಣೆಯ ಅಂಗಣದಲ್ಲಿ ಗಂಡುಹುಡುಗರೊಡನೆ ಆಡಿ, ಅವರ ಗೇಲಿಯನ್ನು ಕೇಳಿ, ಅವರಿಂದಲೇ ಆಟವನ್ನು ಕಲಿತರು. ಎತ್ತರವು ಐದು ಅಡಿ ಆರು ಅಂಗುಲ ಮಾತ್ರ. ವರ್ಜೀನಿಯಾ ವಿಶ್ವವಿದ್ಯಾಲಯದ ತರಬೇತುದಾರಿಣಿ ಡೆಬಿ ರಯನ್ ಅವರು ಈಕೆಯನ್ನು ತಮ್ಮ ತಂಡಕ್ಕೆ ಕರೆತಂದಾಗ, ಆ ವಿಶ್ವವಿದ್ಯಾಲಯದ ಹೆಂಗಸರ ತಂಡವು ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ನಾಲ್ಕು ತಂಡಗಳ ಸುತ್ತನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಸ್ಟೇಲಿಯವರ ಎರಡನೆಯ ವರ್ಷವಾದ ೧೯೯೦ರಲ್ಲಿ ಮುಟ್ಟಿತು. ೧೯೯೧ರಲ್ಲಿ ಮತ್ತೊಮ್ಮೆ, ೧೯೯೨ರಲ್ಲಿ ಮಗುದೊಮ್ಮೆ ಮುಟ್ಟಿತು. ಆಕೆ ಪದವಿ ಪಡೆದು ಹೊರಟ ಮೇಲೆ, ೨೦೨೫ರವರೆಗೆ ಲೆಕ್ಕ ಹಾಕಿದರೂ, ಆ ತಂಡಕ್ಕೆ ಆ ಸುತ್ತಿನ ದರ್ಶನವಾಗಲಿಲ್ಲ. ಮೂರು ಬಾರಿ ತೆರೆದ ಬಾಗಿಲು ಆಕೆಯ ಹಿಂದೆಯೇ ಮುಚ್ಚಿಕೊಂಡಿತು.

ಮೂರು ಬಾರಿಯೂ ಕೊನೆಯ ಮೆಟ್ಟಿಲಲ್ಲಿ ಕಾಲು ಜಾರಿತೆಂಬುದು ನಿಜ. ೧೯೯೦ರಲ್ಲಿ ಸ್ಟ್ಯಾನ್‌ಫರ್ಡ್ ತಂಡದ ಕೈಯಲ್ಲಿ ೭೫-೬೬ರಿಂದ ಸೋಲು. ೧೯೯೨ರಲ್ಲಿ ಅದೇ ಸ್ಟ್ಯಾನ್‌ಫರ್ಡಿನ ಎದುರು ೬೬-೬೫. ಒಂದೇ ಒಂದು ಅಂಕ. ನಡುವಣ ೧೯೯೧ರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಆ ವರ್ಷ ನ್ಯೂ ಆರ್ಲಿಯನ್ಸಿನಲ್ಲಿ ನಡೆದ ಉಪಾಂತ್ಯ ಪಂದ್ಯದಲ್ಲಿ ವರ್ಜೀನಿಯಾ ತಂಡವು, ಆ ಸುತ್ತಿಗೆ ಮೊದಲ ಬಾರಿ ಬಂದಿದ್ದ ಕನೆಕ್ಟಿಕಟ್ ತಂಡವನ್ನು ೬೧-೫೫ರಿಂದ ಸೋಲಿಸಿತು. ಕನೆಕ್ಟಿಕಟ್! ಬರ್ಡ್ ಅವರು ಮುಂದೆ ಕೀರ್ತಿ ಗಳಿಸಿದ ಅದೇ ವಿಶ್ವವಿದ್ಯಾಲಯ. ಅದರ ತರಬೇತುದಾರ ಜೀನೋ ಆರಿಯೆಮಾ ಅವರು ಅದಕ್ಕೆ ಮೊದಲು ವರ್ಜೀನಿಯಾದಲ್ಲಿಯೇ ಡೆಬಿ ರಯನ್ ಅವರ ಕೈಕೆಳಗೆ ಸಹಾಯಕರಾಗಿದ್ದವರು. ಆದುದರಿಂದ ನಮ್ಮ ಇಬ್ಬರು ಆಟಗಾರ್ತಿಯರ ವಿದ್ಯೆಯು ಒಂದೇ ಬಾವಿಯ ನೀರೆಂದರೆ ತಪ್ಪಾಗದು. ಅಂತಿಮ ಪಂದ್ಯದಲ್ಲಿ ಎದುರಾದದ್ದು ಟೆನೆಸಿ ತಂಡ. ನಿಯಮಿತ ಕಾಲದಲ್ಲಿ ಸರಿಸಮವಾಗಿ, ಹೆಚ್ಚುವರಿ ಕಾಲದಲ್ಲಿ ಟೆನೆಸಿಯವರು ೭೦-೬೭ರಿಂದ ಗೆದ್ದರು. ಸ್ಟೇಲಿಯವರು ಒಬ್ಬರೇ ೨೮ ಅಂಕಗಳನ್ನು ಗಳಿಸಿದ್ದರು. ಪಂದ್ಯಾವಳಿಯ ಕೊನೆಯ ಸುತ್ತಿನಲ್ಲಿ ಅತ್ಯುತ್ತಮವಾಗಿ ಆಡಿದವರಿಗೆ ಕೊಡುವ ಬಹುಮಾನವನ್ನು ನಿರ್ಣಾಯಕರು, ಗೆದ್ದ ತಂಡದವರಿಗೆ ಕೊಡುವ ವಾಡಿಕೆಯನ್ನು ಬಿಟ್ಟು, ಸೋತ ತಂಡದ ಸ್ಟೇಲಿಯವರಿಗೆ ಕೊಟ್ಟರು. ಗೆಲವಿನ ಗದ್ದಲದ ನಡುವೆ ಹಾಗೆ ತೀರ್ಮಾನಿಸುವುದಕ್ಕೆ ಧೈರ್ಯ ಬೇಕು. ಆ ನಿರ್ಣಾಯಕರನ್ನು ನಾವು ಮೆಚ್ಚುತ್ತೇವೆ.

ಆಕೆಯ ಕಾಲೇಜು ಲೆಕ್ಕವನ್ನು ಒಮ್ಮೆ ನೋಡೋಣ: ಅಂಕಗಳು ೨,೧೩೫, ಅಸಿಸ್ಟುಗಳು ೭೨೯, ಎದುರಾಳಿಗಳಿಂದ ಚೆಂಡನ್ನು ಕಸಿದ ಸಂಖ್ಯೆ ೪೫೪, ಅಂದಿಗೆ ಅದು ರಾಷ್ಟ್ರದ ದಾಖಲೆ. ಸೆಂಡಾ ಬೆರೆನ್ಸನ್ ಅವರ ಕಾಲದಲ್ಲಾಗಿದ್ದರೆ ಅಷ್ಟೂ ೪೫೪ ತಪ್ಪುಗಳೆಂದು ಸೀಟಿ ಊದುತ್ತಿದ್ದರು! ೧೯೯೧ ಮತ್ತು ೧೯೯೨ ಎರಡೂ ವರ್ಷಗಳಲ್ಲಿ, ಆಟವನ್ನು ಕಲ್ಪಿಸಿದ ನೈಸ್ಮಿತ್ ಅವರ ಹೆಸರಿನ ಪ್ರಶಸ್ತಿಯೊಂದಿಗೆ ದೇಶದ ಶ್ರೇಷ್ಠ ಕಾಲೇಜು ಆಟಗಾರ್ತಿಯೆಂಬ ಗೌರವವು ಆಕೆಗೆ ಬಂದಿತು.

ಇನ್ನು ಬರ್ಡ್ ಅವರ ವಿಷಯ. ಅವರು ೧೯೮೦ರಲ್ಲಿ ಹುಟ್ಟಿ ನ್ಯೂಯಾರ್ಕ್ ಸಂಸ್ಥಾನದ ಸಯಾಸೆಟ್ ಎಂಬಲ್ಲಿ ಬೆಳೆದರು; ಪ್ರೌಢಶಾಲೆಯ ಕೊನೆಯ ವರ್ಷಗಳನ್ನು ಕ್ವೀನ್ಸ್‌ನಲ್ಲಿರುವ ಕ್ರೈಸ್ಟ್ ದ ಕಿಂಗ್ ಎಂಬ ಕಥೋಲಿಕ ಶಾಲೆಯಲ್ಲಿ ಕಳೆದರು. ಸ್ಟೇಲಿಯವರಿಗಿಂತ ಮೂರು ಅಂಗುಲ ಎತ್ತರ. ಕನೆಕ್ಟಿಕಟ್ ಸೇರಿದ ಮೊದಲ ವರ್ಷ, ಎಂಟು ಪಂದ್ಯಗಳಾಗುವಷ್ಟರಲ್ಲಿ ಮೊಣಕಾಲಿನ ಒಳಗಟ್ಟು ಹರಿದು, ಆ ವರ್ಷವೆಲ್ಲ ಕುಳಿತು ನೋಡಬೇಕಾಯಿತು. ಉಳಿದ ಮೂರು ವರ್ಷಗಳ ಕಥೆಯನ್ನು ಅಂಕೆಗಳೇ ಹೇಳುತ್ತವೆ. ಮೊದಲ ವರ್ಷ ತಂಡವು ೩೬ ಪಂದ್ಯ ಗೆದ್ದು ೧ ಸೋತಿತು; ಎರಡನೆಯ ವರ್ಷ ೩೨ ಗೆದ್ದು ೩ ಸೋತಿತು; ಮೂರನೆಯ ವರ್ಷ ೩೯ ಆಡಿ ೩೯ನ್ನೂ ಗೆದ್ದಿತು. ಒಟ್ಟು ೧೦೭ ಗೆಲವು, ೪ ಸೋಲು. ೨೦೦೦ದ ಅಂತಿಮ ಪಂದ್ಯದಲ್ಲಿ ಟೆನೆಸಿಯನ್ನು ೭೧-೫೨ರಿಂದ ಸೋಲಿಸಿದರು. ಅದು ನಡೆದದ್ದು ಸ್ಟೇಲಿಯವರ ಹುಟ್ಟೂರಾದ ಫಿಲಡೆಲ್ಫಿಯಾದಲ್ಲಿ. ೨೦೦೨ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ಒಕ್ಲಹೋಮಾ ತಂಡವನ್ನು ೮೨-೭೦ರಿಂದ ಸೋಲಿಸಿದರು. ದೇಶದ ಶ್ರೇಷ್ಠ ಪಾಯಿಂಟ್ ಗಾರ್ಡ್‌ಗೆ ೨೦೦೦ದಲ್ಲಿ ಹೊಸದಾಗಿ ಏರ್ಪಡಿಸಿದ ನ್ಯಾನ್ಸಿ ಲೀಬರ್ಮನ್ ಪ್ರಶಸ್ತಿಯನ್ನು ಮೊದಲ ಮೂರು ವರ್ಷವೂ ಬರ್ಡ್ ಅವರಿಗೇ ಕೊಟ್ಟರು.

ಆ ನಾಲ್ಕು ಸೋಲುಗಳಲ್ಲಿ ಒಂದರ ಸಂಗತಿಯನ್ನು ಹೇಳುವುದಕ್ಕೆ ಮುನ್ನ ಒಂದು ಗೆಲವನ್ನು ಹೇಳಬೇಕು. ೨೦೦೧ರ ಮಾರ್ಚಿಯಲ್ಲಿ, ಬಿಗ್ ಈಸ್ಟ್ ಎಂಬ ಪ್ರಾಂತೀಯ ಪಂದ್ಯಾವಳಿಯ ಅಂತಿಮ ದಿನ, ನೋಟರ್ ಡೇಮ್ ತಂಡದವರೊಡನೆ ಅಂಕಗಳು ೭೬-೭೬ ಎಂದು ನಿಂತಿದ್ದಾಗ, ಐದೇ ಕ್ಷಣಗಳ ಕಾಲ ಉಳಿದಿತ್ತು. ಬರ್ಡ್ ಅವರು ಚೆಂಡನ್ನು ತೆಗೆದುಕೊಂಡು ಅಂಗಣದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಿ, ತಮಗಿಂತ ಬಹಳ ಎತ್ತರವಾಗಿದ್ದ ರೂತ್ ರೈಲಿಯವರ ಚಾಚಿದ ಕೈಯ ಮೇಲಿಂದ ಎಸೆದರು. ಗಂಟೆ ಬಾರಿಸಿತು, ಚೆಂಡು ಬುಟ್ಟಿಯಲ್ಲಿ ಇಳಿಯಿತು. ಕಾಲೇಜು ಹೆಂಗಸರ ಆಟದಲ್ಲಿ ಅಷ್ಟು ಹೆಸರಾದ ಎಸೆತಗಳು ವಿರಳ. ಆದರೆ ಕೆಲವೇ ವಾರಗಳ ಮೇಲೆ ರಾಷ್ಟ್ರೀಯ ಉಪಾಂತ್ಯದಲ್ಲಿ ಅದೇ ನೋಟರ್ ಡೇಮ್ ಕನೆಕ್ಟಿಕಟನ್ನು ೯೦-೭೫ರಿಂದ ಸೋಲಿಸಿ ಚಾಂಪಿಯನ್ ಆಯಿತು. ಅಷ್ಟರಲ್ಲಿ ಕನೆಕ್ಟಿಕಟಿನ ಇಬ್ಬರು ಪ್ರಮುಖ ಆಟಗಾರ್ತಿಯರು, ಸ್ವೆತ್ಲಾನಾ ಅಬ್ರೋಸಿಮೋವಾ ಮತ್ತು ಶೇ ರಾಲ್ಫ್, ಪೆಟ್ಟು ತಿಂದು ಹೊರಗೆ ಕುಳಿತಿದ್ದರು. ಇದನ್ನು ವಾಚಕರು ಚೆನ್ನಾಗಿ ಗಮನಿಸಬೇಕೆಂದು ನಮ್ಮ ಅಪೇಕ್ಷೆ. ಬರ್ಡ್ ಅವರು ಅದೇ ಬರ್ಡ್, ಕೈಚಳಕವು ಕುಂದಿರಲಿಲ್ಲ, ಜೊತೆಗಾರ್ತಿಯರಿಬ್ಬರು ಇಲ್ಲವಾದರು, ಪದವಿ ತಪ್ಪಿತು.

ಮರುವರ್ಷ ಆ ಜೊತೆಗಾರಿಕೆಯು ಎಂಥದಾಗಿತ್ತು! ಸ್ವಿನ್ ಕ್ಯಾಶ್, ಆಶಾ ಜೋನ್ಸ್, ಟಮಿಕಾ ವಿಲಿಯಮ್ಸ್, ಇವರೊಡನೆ ಎರಡನೆಯ ವರ್ಷದ ಡಯಾನಾ ಟರಾಸಿ. ೨೦೦೨ರಲ್ಲಿ ವೃತ್ತಿಪರ ತಂಡಗಳವರು ಕಾಲೇಜಿನಿಂದ ಹೊರಬಂದವರನ್ನು ಸರದಿಯ ಪ್ರಕಾರ ಆರಿಸಿಕೊಂಡಾಗ ಮೊದಲನೆಯವರು ಬರ್ಡ್, ಎರಡನೆಯವರು ಕ್ಯಾಶ್, ನಾಲ್ಕನೆಯವರು ಜೋನ್ಸ್, ಆರನೆಯವರು ವಿಲಿಯಮ್ಸ್. ಒಂದೇ ಕಾಲೇಜಿನ ನಾಲ್ವರು ಮೊದಲ ಆರರೊಳಗೆ! ಉಳಿದ ಟರಾಸಿಯವರು ೨೦೦೪ರಲ್ಲಿ ಮೊದಲನೆಯವರಾಗಿ ಆಯ್ಕೆಯಾದರು. ಬರ್ಡ್ ಅವರು ಹೊರಟುಹೋದ ಮೇಲೂ ಕನೆಕ್ಟಿಕಟ್ ೨೦೦೩ರಲ್ಲಿ ಗೆದ್ದಿತು, ೨೦೦೪ರಲ್ಲಿ ಗೆದ್ದಿತು. ೧೯೯೫ರ ಮೊದಲ ಪದವಿಯಿಂದ ೨೦೨೫ರವರೆಗೆ ಹನ್ನೆರಡು ಬಾರಿ ಗೆದ್ದಿದೆ. ಬರ್ಡ್ ಅವರು ತುಂಬಿದ ಕಣಜಕ್ಕೆ ಬಂದು ಅದನ್ನು ಇನ್ನಷ್ಟು ತುಂಬಿಸಿದರು. ಸ್ಟೇಲಿಯವರಿಗೂ ಒಳ್ಳೆಯ ಜೊತೆ ಇರಲಿಲ್ಲವೆಂದಲ್ಲ. ಟ್ಯಾಮಿ ರೀಸ್ ಅವರಂಥ ಗುರಿಕಾರ್ತಿಯೂ, ಆರಡಿಯನ್ನು ಮೀರಿದ ಬರ್ಜ್ ಸೋದರಿಯರಿಬ್ಬರೂ ಇದ್ದರು. ಆದರೆ ಆ ತಂಡವು ಆಕೆಯ ಮುಂಚೆ ಎಲ್ಲಿತ್ತು, ಆಕೆಯ ಅನಂತರ ಎಲ್ಲಿಗೆ ಹೋಯಿತು ಎಂಬುದನ್ನು ಮೇಲೆಯೇ ಕಂಡಿದ್ದೇವೆ.

ಇಷ್ಟು ಹೇಳಿದ ಮಾತ್ರಕ್ಕೆ, ಬರ್ಡ್ ಅವರ ಕೀರ್ತಿಯೆಲ್ಲ ಜೊತೆಗಾರ್ತಿಯರ ದಾನವೆಂದು ಯಾರಾದರೂ ಹೇಳಿದರೆ ಅದನ್ನು ನಾವು ಒಪ್ಪುವುದಿಲ್ಲ. ಕಾಲೇಜಿನಲ್ಲಿ ಅವರ ಅಂಕಗಳು ೧,೩೭೮, ಅಸಿಸ್ಟುಗಳು ೫೮೫. ಸ್ಟೇಲಿಯವರ ಸಂಖ್ಯೆಗಳ ಮುಂದೆ ಇವು ಚಿಕ್ಕವಾಗಿ ಕಾಣುತ್ತವೆ. ಆಡಿದ ಪಂದ್ಯಗಳು ಕಡಿಮೆಯೆಂಬುದು ಅದಕ್ಕೆ ಒಂದು ಕಾರಣ. ಇನ್ನೊಂದು ಕಾರಣವು ಹೆಚ್ಚು ಗೌರವದ್ದು. ಐವರು ನಿಪುಣೆಯರಿರುವ ತಂಡದಲ್ಲಿ ಚೆಂಡು ಒಂದೇ. ಬುಟ್ಟಿಗೆ ಎಸೆಯುವ ಕೈಚಳಕ ಪೂರ್ಣವಾಗಿದ್ದೂ, ಎಸೆಯುವ ಆಸೆಯನ್ನು ಅಡಗಿಸಿಕೊಂಡು, ಇವಳಿಗೆ ಈಗ, ಅವಳಿಗೆ ಆಮೇಲೆ ಎಂದು ನಾಲ್ವರ ಮನಸ್ಸನ್ನೂ ನೋಯಿಸದೆ ಹಂಚುವುದು ಸಾಮಾನ್ಯವಾದ ಕಲೆಯಲ್ಲ. ತುಂಬಿದ ಸಂಸಾರವನ್ನು ನಡೆಯಿಸಿದ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಿಪುಣರು ಹೆಚ್ಚಾದ ತಂಡಗಳು ಕಚ್ಚಾಟದಿಂದ ಕೆಟ್ಟ ಉದಾಹರಣೆಗಳು ಎಲ್ಲ ಆಟಗಳಲ್ಲಿಯೂ ಬೇಕಾದಷ್ಟಿವೆ. ಮೂವತ್ತೊಂಬತ್ತಕ್ಕೆ ಮೂವತ್ತೊಂಬತ್ತು ಗೆದ್ದ ತಂಡದಲ್ಲಿ ಅಂಥ ಕಚ್ಚಾಟವು ತಲೆಯೆತ್ತಲಿಲ್ಲವೆಂದರೆ ಅದಕ್ಕೆ ಚೆಂಡು ಹಂಚುವವಳಿಗೆ ಅರ್ಧ ಶ್ರೇಯಸ್ಸಾದರೂ ಸಲ್ಲಬೇಕು. ಪಾಯಿಂಟ್ ಗಾರ್ಡಿನ ಕಲೆಯನ್ನು ಮಾತ್ರ, ಅದರ ಶುದ್ಧರೂಪದಲ್ಲಿ, ತೂಗುವುದಾದರೆ ಬರ್ಡ್ ಅವರ ತಟ್ಟೆಯೇ ಭಾರವೆಂದು ನಮ್ಮ ಅಭಿಪ್ರಾಯ.

ಆದರೆ ಕಲೆ ಬೇರೆ, ಕಾಲೇಜು ಜೀವನದ ಸಾಧನೆ ಬೇರೆ. ಸಾಧನೆಯ ಮಾತು ಬಂದಾಗ ನಾವು ಸ್ಟೇಲಿಯವರನ್ನೇ ಮುಂದಿಡುತ್ತೇವೆ. ಹಂಚುವುದಕ್ಕೆ ತುಂಬಿದ ಪಾತ್ರೆಯಿಲ್ಲದ ಕಡೆ ಆಕೆ ತಾನೇ ಎದುರಾಳಿಗಳಿಂದ ಕಸಿದು ತಂದರು, ತಾನೇ ಬುಟ್ಟಿಗೆ ಹಾಕಿದರು, ಉಳಿದುದನ್ನು ಹಂಚಿದರು. ಚರಿತ್ರೆಯಿಲ್ಲದ ತಂಡಕ್ಕೆ ಚರಿತ್ರೆಯನ್ನು ಮಾಡಿಕೊಟ್ಟರು. ೧೯೯೧ರ ಹೆಚ್ಚುವರಿ ಕಾಲದ ಮೂರು ಅಂಕಗಳೂ ೧೯೯೨ರ ಒಂದು ಅಂಕವೂ ಈಚೆಗೆ ಬಿದ್ದಿದ್ದರೆ ಆಕೆ ಬೇರೆ ಆಟಗಾರ್ತಿಯಾಗುತ್ತಿದ್ದರೇ? ಅಥವಾ ಅವು ಆಚೆಗೆ ಬಿದ್ದುದರಿಂದ ಆಕೆಯ ಕೈಯ ಕೆಲಸದಲ್ಲಿ ಎಳ್ಳಷ್ಟಾದರೂ ಕಡಿಮೆಯಾಯಿತೇ? "ಸೋಲು ಸೋಲೇ" ಎನ್ನುವವರು ಇದಕ್ಕೆ ಉತ್ತರ ಹೇಳಬೇಕು. ತಂಡಕ್ಕೆ ಕೊಡುವ ಪದವಿಯು ತಂಡದ್ದು. ಅದನ್ನು ಒಡೆದು ಒಬ್ಬೊಬ್ಬಳ ಕೊರಳಿಗೆ ಕಟ್ಟಿ ತೂಗುವ ಪದ್ಧತಿಯು ನಮಗೆ ಸಮ್ಮತವಲ್ಲ. ಬಹುಮಾನ ವಿತರಣೆಯ ದಿನ ಕಪ್ಪನ್ನು ಹಿಡಿದವಳ ಭಾವಚಿತ್ರವನ್ನು ಮಾತ್ರ ಗೋಡೆಗೆ ಹಾಕುವ ಹೆತ್ತವರೂ ಶಾಲೆಯವರೂ ಈ ವಿಷಯವನ್ನು ಆಲೋಚಿಸಬೇಕೆಂದು ನಮ್ರತೆಯಿಂದ ಸೂಚಿಸುತ್ತೇವೆ.

ಇಬ್ಬರ ನಡುವೆ ಹತ್ತು ವರ್ಷಗಳ ಅಂತರವಿತ್ತಷ್ಟೆ. ಆ ಹತ್ತು ವರ್ಷಗಳ ವ್ಯತ್ಯಾಸವು, ನಮ್ಮ ಅಭಿಪ್ರಾಯದಲ್ಲಿ, ಎಲ್ಲ ಅಂಕೆಗಳಿಗಿಂತಲೂ ದೊಡ್ಡದು. ೧೯೯೨ರಲ್ಲಿ ಎರಡು ಬಾರಿ ದೇಶದ ಶ್ರೇಷ್ಠೆಯೆನಿಸಿದ ಸ್ಟೇಲಿಯವರು ಪದವಿ ಪಡೆದು ಹೊರಬಂದಾಗ, ಸ್ವದೇಶದಲ್ಲಿ ಆಕೆಯ ವಿದ್ಯೆಗೆ ಉದ್ಯೋಗವಿರಲಿಲ್ಲ. ಗಂಡಸರಿಗೆ ಇದ್ದಂಥ ವೃತ್ತಿಪರ ಪಂದ್ಯಮಂಡಲಿ ಹೆಂಗಸರಿಗೆ ಇರಲಿಲ್ಲ. ಆ ವರ್ಷದ ಒಲಿಂಪಿಕ್ ತಂಡಕ್ಕೂ ಆಕೆಯನ್ನು ಸೇರಿಸಿಕೊಳ್ಳಲಿಲ್ಲ. ಎತ್ತರ ಸಾಲದೆಂಬುದು ಒಂದು ಕಾರಣ, ಪರದೇಶಗಳಲ್ಲಿ ಆಡಿದ ಅನುಭವ ಸಾಲದೆಂಬುದು ಇನ್ನೊಂದು. ಆಕೆ ಫ್ರಾನ್ಸು, ಇಟಲಿ, ಸ್ಪೇನು, ಬ್ರೆಜಿಲ್ ದೇಶಗಳಲ್ಲಿ ಆಡಿ ಹೊಟ್ಟೆ ಹೊರೆಯಬೇಕಾಯಿತು. ೧೯೯೫-೯೬ರಲ್ಲಿ ಅಮೆರಿಕದವರು ಹೆಂಗಸರ ರಾಷ್ಟ್ರೀಯ ತಂಡವೊಂದನ್ನು ವರ್ಷವೆಲ್ಲ ಒಟ್ಟಿಗಿಟ್ಟು ದೇಶವಿದೇಶಗಳಲ್ಲಿ ಸುತ್ತಿಸಿದರು. ಸ್ಟೇಲಿಯವರಿದ್ದ ಆ ತಂಡವು ೫೨ ಪಂದ್ಯಗಳನ್ನಾಡಿ ೫೨ನ್ನೂ ಗೆದ್ದು, ಆಮೇಲೆ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಎಂಟಕ್ಕೆ ಎಂಟನ್ನೂ ಗೆದ್ದು ಚಿನ್ನವನ್ನು ತಂದಿತು. ನೋಡುವವರಿದ್ದಾರೆಂಬುದು ಆಗ ಸಿದ್ಧವಾಯಿತು. ೧೯೯೬ರಲ್ಲಿ ಒಂದು ವೃತ್ತಿಪರ ಮಂಡಲಿ, ೧೯೯೭ರಲ್ಲಿ ಇನ್ನೊಂದು ಹುಟ್ಟಿದವು. ಮೊದಲನೆಯದು ಎರಡೇ ವರ್ಷಗಳಲ್ಲಿ ಮುಚ್ಚಿಹೋಯಿತು, ಎರಡನೆಯದು ಬಾಳಿತು. ೨೦೦೨ರಲ್ಲಿ ಬರ್ಡ್ ಅವರು ಕಾಲೇಜಿನ ಬಾಗಿಲಿನಿಂದ ನೇರವಾಗಿ ಸಿಯಾಟಲ್ ತಂಡದ ಬಾಗಿಲಿಗೆ ನಡೆದುಹೋದದ್ದು ಆ ಹಾದಿಯ ಮೇಲೆ. ಹಾದಿಗೆ ಕಲ್ಲು ಹೊತ್ತವರಲ್ಲಿ ಸ್ಟೇಲಿಯವರು ಒಬ್ಬರು. ಹೀಗಿರುವಾಗ, ಹಾದಿಯಲ್ಲಿ ನಡೆದವಳು ಬೇಗ ಮುಟ್ಟಿದಳೆಂದು ಹಾದಿ ಕಡಿದವಳನ್ನು ಹಿಂದುಳಿದವಳೆನ್ನುವುದು ನ್ಯಾಯವೇ?

ಬರ್ಡ್ ಅವರು ಆ ಹಾದಿಯನ್ನು ವ್ಯರ್ಥಮಾಡಲಿಲ್ಲ. ಸಿಯಾಟಲ್ ತಂಡದಲ್ಲಿಯೇ ೨೦೨೨ರವರೆಗೆ ಆಡಿ, ೨೦೦೪, ೨೦೧೦, ೨೦೧೮, ೨೦೨೦ ಹೀಗೆ ನಾಲ್ಕು ಪದವಿಗಳನ್ನು ಪಡೆದು, ೩,೨೩೪ ಅಸಿಸ್ಟುಗಳ ದಾಖಲೆಯೊಡನೆ ನಿವೃತ್ತರಾದರು. ಐದು ಒಲಿಂಪಿಕ್ ಚಿನ್ನದ ಪದಕಗಳು ಬೇರೆ. ಸ್ಟೇಲಿಯವರಿಗೆ ಮೂರು ಒಲಿಂಪಿಕ್ ಚಿನ್ನ; ಆದರೆ ವೃತ್ತಿಪರ ಮಂಡಲಿಯಲ್ಲಿಯೂ ಪದವಿಯು ಕೈಗೆ ಬಂದು ಜಾರಿತು: ೧೯೯೭ರಲ್ಲಿ ಒಮ್ಮೆ, ೨೦೦೧ರಲ್ಲಿ ಷಾರ್ಲಟ್ ತಂಡದಲ್ಲಿದ್ದಾಗ ಇನ್ನೊಮ್ಮೆ, ಎರಡು ಬಾರಿಯೂ ಅಂತಿಮ ಸುತ್ತಿನಲ್ಲಿಯೇ. ೨೦೦೦ದಲ್ಲಿ, ಇನ್ನೂ ಆಟವಾಡುತ್ತಿರುವಾಗಲೇ, ಆಕೆ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ತಂಡಕ್ಕೆ ತರಬೇತುದಾರಿಣಿಯಾದರು. ಆರು ವರ್ಷ ಎರಡು ನೊಗಗಳನ್ನೂ ಹೊತ್ತರು. ೨೦೦೮ರಲ್ಲಿ ದಕ್ಷಿಣ ಕ್ಯಾರೊಲಿನಾ ವಿಶ್ವವಿದ್ಯಾಲಯಕ್ಕೆ ಹೋದರು. ಅದು ಆಕೆಯ ತಾಯಿಯ ಹುಟ್ಟುನಾಡು. ವಿದ್ಯಾರ್ಥಿನಿಯಾಗಿ ದೊರೆಯದ ಕಾಲೇಜು ಪದವಿಯು ಅಲ್ಲಿ ಶಿಷ್ಯೆಯರ ಕೈಯಿಂದ ದೊರೆಯಿತು: ೨೦೧೭ರಲ್ಲಿ, ೨೦೨೨ರಲ್ಲಿ, ೨೦೨೪ರಲ್ಲಿ. ೨೦೨೪ರ ತಂಡವು ೩೮ ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ.

ಈ ಇಬ್ಬರೂ ಒಂದೇ ಕಡೆ ಕೂಡಿದ್ದೂ ಉಂಟು. ೨೦೦೪ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಮೂವತ್ತನಾಲ್ಕು ವರ್ಷದ ಸ್ಟೇಲಿಯವರು ತಮ್ಮ ದೇಶದ ಧ್ವಜವನ್ನು ಹಿಡಿದು ಮುಂದೆ ನಡೆದರು. ಪಂದ್ಯಗಳಲ್ಲಿ ಪಾಯಿಂಟ್ ಗಾರ್ಡಿನ ಸ್ಥಾನವು ಅವರದು, ಇಪ್ಪತ್ತಮೂರರ ಬರ್ಡ್ ಅವರು ಬದಲಿ ಆಟಗಾರ್ತಿ. ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಧ್ವಜವನ್ನು ಹಿಡಿದ ಇಬ್ಬರಲ್ಲಿ ಬರ್ಡ್ ಒಬ್ಬರು. ಆಗ ಅವರಿಗೆ ನಾಲ್ವತ್ತು ವರ್ಷ, ತಂಡದ ತರಬೇತುದಾರಿಣಿ ಸ್ಟೇಲಿ. ಅಂತಿಮ ಪಂದ್ಯದಲ್ಲಿ ಜಪಾನನ್ನು ೯೦-೭೫ರಿಂದ ಗೆದ್ದರು. ಕಾಲೇಜಿನ ಕಪ್ಪು ಕಾಣದವರು ಹೇಳಿಕೊಟ್ಟಂತೆ, ಎರಡು ಕಪ್ಪು ಕಂಡವರು ಚೆಂಡನ್ನು ನಡೆಸಿದರು. ನೈಸ್ಮಿತ್ ಅವರ ಹೆಸರಿನ ಕೀರ್ತಿಮಂದಿರಕ್ಕೆ ಸ್ಟೇಲಿಯವರು ೨೦೧೩ರಲ್ಲಿಯೂ ಬರ್ಡ್ ಅವರು ೨೦೨೫ರಲ್ಲಿಯೂ ಸೇರಿದರು.

ಅಮೆರ‍ಿಕದ ಕಾಲೇಜುಗಳಲ್ಲಿ ಒಂದು ವಾಡಿಕೆಯುಂಟು: ಚಾಂಪಿಯನ್ ಆದವರು ಏಣಿ ಹತ್ತಿ ಬುಟ್ಟಿಯ ಬಲೆಯನ್ನು ಕತ್ತರಿಸಿ, ತುಂಡುಗಳನ್ನು ನೆನಪಿಗಾಗಿ ಇಟ್ಟುಕೊಳ್ಳುತ್ತಾರೆ. ೧೯೯೯ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಪದವಿಯನ್ನು ತಂದ ಕ್ಯಾರೊಲಿನ್ ಪೆಕ್ ಅವರು, ಆ ಗೌರವವನ್ನು ಪಡೆದ ಆಫ್ರಿಕನ್ ಮೂಲದ ಮೊದಲ ಮಹಿಳಾ ತರಬೇತುದಾರಿಣಿ. ಅವರು ತಮ್ಮ ಬಲೆಯ ಒಂದು ತುಂಡನ್ನು, ನೀವು ಗೆದ್ದಾಗ ಹಿಂದಿರುಗಿಸಿರಿ ಎಂದು ಹೇಳಿ, ಸ್ಟೇಲಿಯವರಿಗೆ ಕೊಟ್ಟಿದ್ದರು. ೨೦೧೭ರಲ್ಲಿ ಸ್ಟೇಲಿಯವರ ತಂಡವು ಡಲ್ಲಸ್ ಪಟ್ಟಣದಲ್ಲಿ ಮಿಸಿಸಿಪಿ ಸ್ಟೇಟ್ ತಂಡವನ್ನು ೬೭-೫೫ರಿಂದ ಸೋಲಿಸಿ ತನ್ನದೇ ಆದ ಬಲೆಯನ್ನು ಕತ್ತರಿಸಿತು. ಆ ಬಲೆಯನ್ನು ಆಕೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಲಿಲ್ಲ. ೨೦೨೧ರಲ್ಲಿ ಅದನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಮಾಡಿ, ದೇಶದ ಮೊದಲ ದರ್ಜೆಯ ಕಾಲೇಜು ತಂಡಗಳಲ್ಲಿ ತರಬೇತುದಾರಿಣಿಯರಾಗಿದ್ದ ತಮ್ಮ ಜನಾಂಗದ ಹೆಂಗಸರಿಗೆ, ಒಬ್ಬೊಬ್ಬರಿಗೂ ಒಂದೊಂದು ತುಂಡಿನಂತೆ, ಅಂಚೆಯಲ್ಲಿ ಕಳುಹಿಸಿಕೊಟ್ಟರು.